ಒಂದೇ ಆನ್‌ಲೈನ್ ಅಂಗಡಿ, ಮೂರು ಕಡೆ ಸ್ಟಾಕ್: ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಕಳಂಬೋಲಿ (ನವಿ ಮುಂಬೈ): ವೆಬ್‌ಸೈಟ್‌ನಲ್ಲಿ 'ಸ್ಟಾಕ್ ಇದೆ' ಎಂದು ತೋರಿಸುತ್ತದೆ. ಗ್ರಾಹಕರು ಹಣ ಕಟ್ಟುತ್ತಾರೆ. ಗೋದಾಮಿನಲ್ಲಿ ಹುಡುಕಿದರೆ ಮಾಲೇ ಇಲ್ಲ! ಕೊನೆಗೆ ಆರ್ಡರ್ ರದ್ದು, ಹಣ ವಾಪಸ್, ಜೊತೆಗೆ ಒಂದು ಸ್ಟಾರ್ ರೇಟಿಂಗ್. ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಸರಕು ಇಟ್ಟು ಆನ್‌ಲೈನ್ ವ್ಯಾಪಾರ ಮಾಡುವ ಸಣ್ಣ ವರ್ತಕರಿಗೆ ಇದು ಗೊತ್ತಿರುವ ತಲೆನೋವು.

ತಪ್ಪು ಹೆಚ್ಚಾಗಿ ಸಾಫ್ಟ್‌ವೇರ್‌ನದ್ದಲ್ಲ, ಸೆಟ್ಟಿಂಗ್‌ನದ್ದು. ನೆನಪಿಡಬೇಕಾದ ನಿಯಮ ಒಂದೇ: ಪರದೆಯ ಮೇಲಿನ ಸಂಖ್ಯೆ, ಗೋದಾಮಿನ ಕಪಾಟಿನಲ್ಲಿರುವ ಸಂಖ್ಯೆ ಮತ್ತು ಜಿಎಸ್‌ಟಿ ಪುಸ್ತಕದಲ್ಲಿರುವ ಸಂಖ್ಯೆ, ಈ ಮೂರೂ ಪ್ರತಿಯೊಂದು ಜಾಗಕ್ಕೂ ಪ್ರತ್ಯೇಕವಾಗಿ ತಾಳೆಯಾಗಬೇಕು. ಒಟ್ಟು ಮೊತ್ತ ಸರಿಯಿದ್ದರೆ ಸಾಲದು. ಇದನ್ನು ಸಾಧಿಸುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಕಳಂಬೋಲಿಯೇ ಏಕೆ?

ರಾಯಗಡ ಜಿಲ್ಲೆಯ ಪನ್ವೇಲ್ ತಾಲೂಕಿನಲ್ಲಿರುವ ಕಳಂಬೋಲಿ, ಸಿಡ್ಕೊ ನಿರ್ಮಿಸಿದ ನವಿ ಮುಂಬೈನ ಒಂದು ಭಾಗ. 2016ರಿಂದ ಪನ್ವೇಲ್ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದೆ. ಮುಂಬೈ ನಗರದೊಳಗಿನ ಕಬ್ಬಿಣ-ಉಕ್ಕಿನ ವ್ಯಾಪಾರವನ್ನು ಹೊರಗೆ ತರಲು ಇಲ್ಲಿ ಸ್ಟೀಲ್ ಮಾರ್ಕೆಟ್ ಕಟ್ಟಲಾಯಿತು. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಶುರುವಾಗುವುದೂ ಇಲ್ಲಿಂದಲೇ. ಸಯನ್-ಪನ್ವೇಲ್ ಹೆದ್ದಾರಿ, ಗೋವಾ ಕಡೆಯ ರಸ್ತೆ, ಜೆಎನ್‌ಪಿಟಿ ಬಂದರಿನ ದಾರಿ ಎಲ್ಲವೂ ಹತ್ತಿರ. 2025ರ ಡಿಸೆಂಬರ್‌ನಲ್ಲಿ ವಿಮಾನ ಹಾರಾಟ ಆರಂಭಿಸಿದ ನವಿ ಮುಂಬೈ ವಿಮಾನ ನಿಲ್ದಾಣವೂ ಪನ್ವೇಲ್ ಬಳಿಯೇ ಇದೆ.

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಮುಂಬೈಗೆ ಬರುವ ಲಾರಿಗೆ ಇದು ಹೆಬ್ಬಾಗಿಲಿನಂತೆ. ಇನ್ನು ಡೊಂಬಿವಲಿ, ಕಲ್ಯಾಣ್, ಠಾಣೆ, ನವಿ ಮುಂಬೈಗಳಲ್ಲಿ ನೆಲೆಸಿರುವ ಕನ್ನಡಿಗ, ತುಳುವ ಕುಟುಂಬಗಳು ಸಾಕಷ್ಟಿವೆ. ಊರಿನ ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬ್ಯಾಡಗಿ ಮೆಣಸಿನಕಾಯಿ ಬೇಕೆನ್ನುವ ಗ್ರಾಹಕರಿಗೆ ಇಲ್ಲಿ ಕೊರತೆಯಿಲ್ಲ.

ಹಾಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನೇ ಇಟ್ಟುಕೊಳ್ಳೋಣ. ಹುಬ್ಬಳ್ಳಿಯಲ್ಲಿ ಚಟ್ನಿಪುಡಿ, ಹಪ್ಪಳ ತಯಾರಿಸುವ ಘಟಕ, ಕಳಂಬೋಲಿಯಲ್ಲಿ ಬಾಡಿಗೆ ಗೋದಾಮು, ಡೊಂಬಿವಲಿಯಲ್ಲಿ ಒಂದು ಸಣ್ಣ ಅಂಗಡಿ. ವೆಬ್‌ಸೈಟ್ ಮಾತ್ರ ಒಂದೇ.

ಹಂತ 1: ಪ್ರತಿ ಜಾಗವನ್ನೂ ಪ್ರತ್ಯೇಕ 'ಲೊಕೇಶನ್' ಮಾಡಿ

ಶಾಪಿಫೈನಂಥ ವೇದಿಕೆಗಳಲ್ಲಿ ಸೆಟ್ಟಿಂಗ್ಸ್‌ನೊಳಗೆ 'ಲೊಕೇಶನ್ಸ್' ಎಂಬ ವಿಭಾಗ ಇರುತ್ತದೆ. ಹುಬ್ಬಳ್ಳಿ, ಕಳಂಬೋಲಿ, ಡೊಂಬಿವಲಿ ಮೂರನ್ನೂ ಪೂರ್ಣ ವಿಳಾಸ, ಪಿನ್‌ಕೋಡ್ ಸಮೇತ ಅಲ್ಲಿ ಸೇರಿಸಬೇಕು. ಎಷ್ಟು ಲೊಕೇಶನ್ ಸೇರಿಸಬಹುದು ಎಂಬುದು ನೀವು ತೆಗೆದುಕೊಂಡ ಪ್ಲಾನ್ ಮೇಲೆ ಅವಲಂಬಿತ.

ಇಲ್ಲಿ ಒಂದು ಮುಖ್ಯ ಟಿಕ್ ಇದೆ: 'ಈ ಲೊಕೇಶನ್‌ನಿಂದ ಆನ್‌ಲೈನ್ ಆರ್ಡರ್ ಕಳುಹಿಸಿ'. ಇದು ಆನ್ ಇದ್ದರೆ ಮಾತ್ರ ಆ ಜಾಗದ ಸ್ಟಾಕ್ ವೆಬ್‌ಸೈಟ್‌ನ ಲೆಕ್ಕಕ್ಕೆ ಬರುತ್ತದೆ. ಡೊಂಬಿವಲಿ ಅಂಗಡಿಯಲ್ಲಿ ಕೌಂಟರ್ ವ್ಯಾಪಾರ ಮಾತ್ರ ನಡೆಯುತ್ತದೆ ಎಂದಾದರೆ ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಅಂಗಡಿಯ ಕಪಾಟಿನಲ್ಲಿರುವ ಕೊನೆಯ ಪ್ಯಾಕೆಟ್ ಒಂದೇ ಹೊತ್ತಿಗೆ ಕೌಂಟರ್‌ನಲ್ಲೂ ವೆಬ್‌ಸೈಟ್‌ನಲ್ಲೂ ಮಾರಾಟವಾಗುವ ಅಪಾಯ ಇರುತ್ತದೆ.

ವೂಕಾಮರ್ಸ್ ಬಳಸುವವರು ಗಮನಿಸಿ: ಅದರ ಮೂಲ ಆವೃತ್ತಿಯಲ್ಲಿ ಒಂದು ವಸ್ತುವಿಗೆ ಒಂದೇ ಸ್ಟಾಕ್ ಸಂಖ್ಯೆ ಇರುತ್ತದೆ. ಹಲವು ಜಾಗಗಳ ಲೆಕ್ಕ ಬೇಕಿದ್ದರೆ ಪ್ರತ್ಯೇಕ ಪ್ಲಗಿನ್ ಹಾಕಿಕೊಳ್ಳಬೇಕು. 'ಒಟ್ಟು 200 ಇದೆ' ಎಂದು ಬರೆದು ಕೈಬಿಟ್ಟರೆ, ಆ 200ರಲ್ಲಿ ಎಷ್ಟು ಎಲ್ಲಿದೆ ಎಂಬುದು ಗೋದಾಮಿನವರ ನೆನಪಿನ ಮೇಲೆ ನಿಲ್ಲುತ್ತದೆ.

ಇನ್ನೊಂದು ಕಿವಿಮಾತು. ಒಂದು ವಸ್ತುವಿಗೆ ಎಲ್ಲ ಕಡೆಯೂ ಒಂದೇ ಎಸ್‌ಕೆಯು ಕೋಡ್ ಇರಲಿ. 200 ಗ್ರಾಂ ಶೇಂಗಾ ಚಟ್ನಿಪುಡಿಗೆ ಹುಬ್ಬಳ್ಳಿಯಲ್ಲಿ ಒಂದು ಕೋಡ್, ಕಳಂಬೋಲಿಯಲ್ಲಿ ಇನ್ನೊಂದು ಕೋಡ್ ಇದ್ದರೆ ಮುಂದಿನ ಯಾವ ಸೆಟ್ಟಿಂಗ್ ಕೂಡ ಉಪಯೋಗಕ್ಕೆ ಬರುವುದಿಲ್ಲ.

ಹಂತ 2: 'ಇದೆ' ಎಂದರೆ ಎಷ್ಟು ಇದೆ?

ಕಪಾಟಿನಲ್ಲಿರುವುದೆಲ್ಲ ಮಾರಾಟಕ್ಕೆ ಸಿಗುವುದಿಲ್ಲ. ಶಾಪಿಫೈ ಸ್ಟಾಕ್ ಅನ್ನು ಹೀಗೆ ವಿಂಗಡಿಸುತ್ತದೆ.

* ಆನ್ ಹ್ಯಾಂಡ್: ಆ ಜಾಗದಲ್ಲಿ ನಿಜವಾಗಿ ಇರುವ ಒಟ್ಟು ಮಾಲು
* ಕಮಿಟೆಡ್: ಆರ್ಡರ್ ಬಂದಿದೆ, ಇನ್ನೂ ಕಳುಹಿಸಿಲ್ಲ
* ಅನ್‌ಅವೈಲಬಲ್: ಹಾಳಾದದ್ದು, ಪರಿಶೀಲನೆಯಲ್ಲಿರುವುದು, ಮುನ್ನೆಚ್ಚರಿಕೆಗೆ ತೆಗೆದಿಟ್ಟದ್ದು
* ಅವೈಲಬಲ್: ಈಗ ಮಾರಬಹುದಾದದ್ದು
* ಇನ್‌ಕಮಿಂಗ್: ದಾರಿಯಲ್ಲಿರುವುದು, ಇನ್ನೂ ಕೈಸೇರಿಲ್ಲ

ಲೆಕ್ಕ ನೋಡಿ. ಕಳಂಬೋಲಿಯಲ್ಲಿ 120 ಪ್ಯಾಕೆಟ್ ಇದೆ. 18ಕ್ಕೆ ಆರ್ಡರ್ ಬಂದಿದೆ. 6 ಪ್ಯಾಕೆಟ್ ಒಡೆದಿದೆ. ಮುನ್ನೆಚ್ಚರಿಕೆಗೆ 10 ತೆಗೆದಿಟ್ಟಿದ್ದೀರಿ. ಹಾಗಾದರೆ ಮಾರಬಹುದಾದದ್ದು 120ರಲ್ಲಿ 34 ಕಳೆದು 86 ಮಾತ್ರ. ಹುಬ್ಬಳ್ಳಿಯಿಂದ ಹೊರಟ 100 ಪ್ಯಾಕೆಟ್ ಲಾರಿಯಲ್ಲಿದ್ದರೂ ಅದು 'ಇನ್‌ಕಮಿಂಗ್'. ಗೋದಾಮಿನಲ್ಲಿ ಇಳಿಸಿ, ಎಣಿಸಿ, 'ಸ್ವೀಕರಿಸಲಾಗಿದೆ' ಎಂದು ಗುರುತಿಸುವವರೆಗೆ ಮಾರಾಟದ ಲೆಕ್ಕಕ್ಕೆ ಸೇರಬಾರದು.

ಹಲವರು ತಪ್ಪುವುದು ಇಲ್ಲೇ. ಲಾರಿ ಹೊರಟ ಕೂಡಲೇ ಕಳಂಬೋಲಿಯ ಸಂಖ್ಯೆಯನ್ನು ಕೈಯಿಂದ ಹೆಚ್ಚಿಸಿಬಿಡುತ್ತಾರೆ. ಲಾರಿ ಒಂದು ದಿನ ತಡವಾದರೂ ಸಾಕು, ಇಲ್ಲದ ಮಾಲು ಮಾರಾಟವಾಗಿರುತ್ತದೆ. ಸಂಖ್ಯೆ ತಿದ್ದುವ ಬದಲು 'ಟ್ರಾನ್ಸ್‌ಫರ್' ಆಯ್ಕೆಯನ್ನೇ ಬಳಸಿ.

ಹಂತ 3: ಆರ್ಡರ್ ಯಾವ ಗೋದಾಮಿಗೆ ಹೋಗಬೇಕು?

ಇದನ್ನು 'ಆರ್ಡರ್ ರೂಟಿಂಗ್' ಎನ್ನುತ್ತಾರೆ. ಮುಖ್ಯವಾಗಿ ಮೂರು ನಿಯಮಗಳಿವೆ.

1. ಆರ್ಡರ್ ಒಡೆಯದಂತೆ ನೋಡಿಕೊಳ್ಳುವುದು: ಎಲ್ಲ ವಸ್ತುಗಳೂ ಒಂದೇ ಕಡೆ ಸಿಗುವ ಗೋದಾಮಿಗೆ ಮೊದಲ ಆದ್ಯತೆ.
2. ಹತ್ತಿರದ ಗೋದಾಮು: ಗ್ರಾಹಕರ ವಿಳಾಸಕ್ಕೆ ಹತ್ತಿರವಿರುವ ಕಡೆಯಿಂದ ಕಳುಹಿಸುವುದು.
3. ಕ್ರಮಾಂಕ: ನೀವೇ ಕೊಟ್ಟ ಆದ್ಯತೆಯ ಪಟ್ಟಿ. ಮೊದಲು ಕಳಂಬೋಲಿ, ಅಲ್ಲಿ ಇಲ್ಲದಿದ್ದರೆ ಹುಬ್ಬಳ್ಳಿ, ಕೊನೆಗೆ ಡೊಂಬಿವಲಿ ಎಂಬಂತೆ.

ಈ ನಿಯಮಗಳನ್ನು ಮೇಲಿಂದ ಕೆಳಕ್ಕೆ ಯಾವ ಕ್ರಮದಲ್ಲಿ ಜೋಡಿಸುತ್ತೀರಿ ಎಂಬುದರ ಮೇಲೆ ನಿಮ್ಮ ಕೊರಿಯರ್ ಖರ್ಚು ನಿಂತಿದೆ. ಠಾಣೆಯ ಗ್ರಾಹಕರೊಬ್ಬರು ಚಟ್ನಿಪುಡಿ ಮತ್ತು ಹಪ್ಪಳ ಎರಡನ್ನೂ ತರಿಸುತ್ತಾರೆ ಎಂದುಕೊಳ್ಳಿ. ಕಳಂಬೋಲಿಯಲ್ಲಿ ಹಪ್ಪಳ ಮುಗಿದಿದೆ, ಹುಬ್ಬಳ್ಳಿಯಲ್ಲಿ ಎರಡೂ ಇದೆ. 'ಹತ್ತಿರದ ಗೋದಾಮು' ಮೊದಲಿದ್ದರೆ ಆರ್ಡರ್ ಎರಡು ಪಾರ್ಸೆಲ್ ಆಗಬಹುದು. ಒಂದು ಪಾರ್ಸೆಲ್‌ಗೆ 60 ರೂಪಾಯಿ ಎಂದು ಹಿಡಿದರೂ ಖರ್ಚು 120 ರೂಪಾಯಿ. 300 ರೂಪಾಯಿಯ ಆರ್ಡರ್‌ನಲ್ಲಿ ಲಾಭವೆಲ್ಲ ಅಲ್ಲೇ ಹೋಯಿತು. 'ಆರ್ಡರ್ ಒಡೆಯಬೇಡಿ' ಎಂಬುದು ಮೊದಲಿದ್ದರೆ ಒಂದೇ ಪಾರ್ಸೆಲ್ ಹುಬ್ಬಳ್ಳಿಯಿಂದ ಬರುತ್ತದೆ, ಆದರೆ ಒಂದೆರಡು ದಿನ ತಡವಾಗುತ್ತದೆ.

ಕಡಿಮೆ ಬೆಲೆಯ ವಸ್ತು ಮಾರುವವರಿಗೆ ಒಡೆಯದಿರುವುದೇ ಲಾಭ. ಬೆಲೆ ಹೆಚ್ಚಿರುವ, ಬೇಗ ತಲುಪಲೇಬೇಕಾದ ವಸ್ತುವಿಗೆ ಹತ್ತಿರದ ಗೋದಾಮು ಸೂಕ್ತ. ಡೊಂಬಿವಲಿ ಅಂಗಡಿಯನ್ನು 'ಬಂದು ತೆಗೆದುಕೊಂಡು ಹೋಗುವ' ಪಿಕಪ್ ಕೇಂದ್ರವನ್ನಾಗಿ ಮಾಡಿದರೆ ಆ ಭಾಗದ ಗ್ರಾಹಕರಿಗೆ ಕೊರಿಯರ್ ಖರ್ಚೇ ಇರುವುದಿಲ್ಲ. ಈ ಸೌಲಭ್ಯವನ್ನು ಪ್ರತಿ ಲೊಕೇಶನ್‌ಗೂ ಬೇರೆ ಬೇರೆಯಾಗಿ ಆನ್ ಮಾಡಬಹುದು.

ಹಂತ 4: ಗೋದಾಮು ಬದಲಾದರೆ ಬಿಲ್ಲೂ ಬದಲಾಗುತ್ತದೆ!

ರೂಟಿಂಗ್ ಎಂದರೆ ಬರೀ ಸಾಗಣೆಯ ವಿಷಯ ಎಂದುಕೊಂಡವರು ಎಡವುವುದು ಇಲ್ಲಿ. ಜಿಎಸ್‌ಟಿ ನೋಂದಣಿ ರಾಜ್ಯವಾರು ಇರುತ್ತದೆ. ಹುಬ್ಬಳ್ಳಿಗೆ ಕರ್ನಾಟಕದ ಜಿಎಸ್‌ಟಿಐಎನ್, ಕಳಂಬೋಲಿ ಮತ್ತು ಡೊಂಬಿವಲಿಗೆ ಮಹಾರಾಷ್ಟ್ರದ ಜಿಎಸ್‌ಟಿಐಎನ್ ಬೇಕು. ಒಂದೇ ಮಾಲೀಕರಾದರೂ ಕಾನೂನಿನ ಕಣ್ಣಿಗೆ ಇವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು.

ಪುಣೆಯ ಗ್ರಾಹಕರ ಆರ್ಡರ್ ಕಳಂಬೋಲಿಯಿಂದ ಹೊರಟರೆ ಬಿಲ್‌ನಲ್ಲಿ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಅದೇ ಆರ್ಡರ್ ಹುಬ್ಬಳ್ಳಿಯಿಂದ ಹೊರಟರೆ ಕರ್ನಾಟಕದ ನೋಂದಣಿ ಸಂಖ್ಯೆಯಲ್ಲಿ ಐಜಿಎಸ್‌ಟಿ. ಗ್ರಾಹಕರು ಕಟ್ಟುವ ಒಟ್ಟು ತೆರಿಗೆ ಅಷ್ಟೇ. ಆದರೆ ಯಾವ ನೋಂದಣಿಯಲ್ಲಿ, ಯಾವ ತೆರಿಗೆಯಾಗಿ ತೋರಿಸಬೇಕು ಎಂಬುದು ಪೂರ್ತಿ ಬೇರೆ. ಹಾಗಾಗಿ ಬಿಲ್ ತಯಾರಿಸುವ ಆ್ಯಪ್ ಅಂಗಡಿಯ ಮುಖ್ಯ ವಿಳಾಸವನ್ನಲ್ಲ, ಮಾಲು ಹೊರಟ ಲೊಕೇಶನ್ ಅನ್ನು ಓದುವಂತೆ ಸೆಟ್ ಮಾಡಬೇಕು.

ಬಿಲ್ ಸಂಖ್ಯೆ ಒಂದು ಹಣಕಾಸು ವರ್ಷದಲ್ಲಿ ಮರುಕಳಿಸಬಾರದು, 16 ಅಕ್ಷರ ಮೀರಬಾರದು. ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ಅವಕಾಶ ಇದೆ. ಪ್ರತಿ ಜಾಗಕ್ಕೂ ಪ್ರತ್ಯೇಕ ಸರಣಿ ಕೊಟ್ಟರೆ ಬಿಲ್ ಯಾವ ಗೋದಾಮಿನದ್ದು ಎಂದು ನೋಡಿದ ಕೂಡಲೇ ತಿಳಿಯುತ್ತದೆ.

ಒಂದೇ ರಾಜ್ಯದೊಳಗಿನ ಎರಡನೇ ಗೋದಾಮನ್ನು ಜಿಎಸ್‌ಟಿ ನೋಂದಣಿಯಲ್ಲಿ 'ಹೆಚ್ಚುವರಿ ವ್ಯಾಪಾರ ಸ್ಥಳ' ಎಂದು ಸೇರಿಸಬೇಕು. ಬದಲಾವಣೆಯಾದ 15 ದಿನಗಳೊಳಗೆ ಅರ್ಜಿ ಹಾಕುವುದು ನಿಯಮ. ಬಾಡಿಗೆ ಕರಾರು, ವಿದ್ಯುತ್ ಬಿಲ್, ಮಾಲೀಕರ ಒಪ್ಪಿಗೆ ಪತ್ರ ಸಿದ್ಧವಿರಲಿ. ಅಮೆಜಾನ್‌ನಂಥ ಕಂಪನಿಗಳ ಗೋದಾಮಿನಲ್ಲಿ ನಿಮ್ಮ ಮಾಲು ಇಟ್ಟರೂ ಆ ವಿಳಾಸ ನಿಮ್ಮ ನೋಂದಣಿಯಲ್ಲಿ ಇರಬೇಕು. ನೋಂದಣಿ ಪತ್ರದಲ್ಲಿರುವ ಪ್ರತಿ ಸ್ಥಳದ ಸ್ಟಾಕ್ ಲೆಕ್ಕ ಆಯಾ ಸ್ಥಳದಲ್ಲೇ ಸಿಗಬೇಕು ಎನ್ನುತ್ತದೆ ಕಾನೂನು. ಅದನ್ನು ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಬಹುದು.

ಹಂತ 5: ಗೋದಾಮಿನಿಂದ ಗೋದಾಮಿಗೆ ಮಾಲು ಸಾಗಿಸುವಾಗ

ಇಲ್ಲಿ ಎರಡು ಸಂದರ್ಭಗಳಿವೆ.

* ಕಳಂಬೋಲಿಯಿಂದ ಡೊಂಬಿವಲಿಗೆ: ಒಂದೇ ರಾಜ್ಯ, ಒಂದೇ ಜಿಎಸ್‌ಟಿಐಎನ್. ಇದು ಮಾರಾಟವಲ್ಲ, ತೆರಿಗೆ ಇಲ್ಲ. ಡೆಲಿವರಿ ಚಲನ್ ಮೂರು ಪ್ರತಿ ಬೇಕು: ಮಾಲು ಪಡೆಯುವವರಿಗೆ ಒಂದು, ಸಾಗಿಸುವವರಿಗೆ ಒಂದು, ಕಳುಹಿಸುವವರಿಗೆ ಒಂದು. ಮಹಾರಾಷ್ಟ್ರದೊಳಗಿನ ಸಾಗಣೆಗೆ ಸಾಮಾನ್ಯವಾಗಿ ಮಾಲಿನ ಮೌಲ್ಯ 1 ಲಕ್ಷ ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು.
* ಹುಬ್ಬಳ್ಳಿಯಿಂದ ಕಳಂಬೋಲಿಗೆ: ರಾಜ್ಯ ಬದಲಾಯಿತು. ಹಣ ಕೈಬದಲಾಗದಿದ್ದರೂ ಕಾನೂನು ಇದನ್ನು ಪೂರೈಕೆ ಎಂದೇ ಪರಿಗಣಿಸುತ್ತದೆ. ಟ್ಯಾಕ್ಸ್ ಇನ್‌ವಾಯ್ಸ್ ಮಾಡಿ ಐಜಿಎಸ್‌ಟಿ ಕಟ್ಟಬೇಕು. ಮಹಾರಾಷ್ಟ್ರದ ನೋಂದಣಿಯಲ್ಲಿ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಕಡ್ಡಾಯ.

ಇ-ವೇ ಬಿಲ್‌ಗೆ ಪ್ರತಿ 200 ಕಿಲೋಮೀಟರ್‌ಗೆ ಒಂದು ದಿನದ ಅವಧಿ. ಹುಬ್ಬಳ್ಳಿ-ಕಳಂಬೋಲಿ ನಡುವೆ 500 ಕಿಲೋಮೀಟರ್‌ಗೂ ಹೆಚ್ಚು ದೂರ ಇರುವುದರಿಂದ 3 ದಿನ ಸಿಗುತ್ತದೆ. ದಾಖಲೆ ಇಲ್ಲದೆ ಸಿಕ್ಕಿಬಿದ್ದರೆ ಮಾಲು, ವಾಹನ ಎರಡನ್ನೂ ತಡೆಹಿಡಿಯಬಹುದು. ತೆರಿಗೆ ಬೀಳುವ ಮಾಲಾದರೆ, ಮಾಲೀಕರೇ ಮುಂದೆ ಬಂದು ಬಿಡಿಸಿಕೊಳ್ಳಲು ತೆರಿಗೆಯ ಎರಡು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ಅಂದರೆ ವೆಬ್‌ಸೈಟ್‌ನಲ್ಲಿ 'ಟ್ರಾನ್ಸ್‌ಫರ್' ಬಟನ್ ಒತ್ತುವ ಪ್ರತಿ ಸಲವೂ ಅದರ ಹಿಂದೆ ಒಂದು ಚಲನ್ ಅಥವಾ ಇನ್‌ವಾಯ್ಸ್ ಇರಲೇಬೇಕು. ಚಲನ್ ಸಂಖ್ಯೆಯನ್ನು ಟ್ರಾನ್ಸ್‌ಫರ್‌ನ ಟಿಪ್ಪಣಿಯಲ್ಲೇ ಬರೆದಿಡಿ. ಪರದೆ ಮತ್ತು ಪುಸ್ತಕ ತಾಳೆಯಾಗಲು ಇದಕ್ಕಿಂತ ಸುಲಭ ದಾರಿ ಇಲ್ಲ.

ಹಂತ 6: ಮುಗಿದ ಮೇಲೂ ಮಾರುವ ಸೆಟ್ಟಿಂಗ್ ಬಗ್ಗೆ ಎಚ್ಚರ

ಶಾಪಿಫೈನಲ್ಲಿ 'ಸ್ಟಾಕ್ ಮುಗಿದರೂ ಮಾರಾಟ ಮುಂದುವರಿಸಿ' ಎಂಬ ಆಯ್ಕೆ ಇದೆ. ವೂಕಾಮರ್ಸ್‌ನಲ್ಲಿ ಇದನ್ನು 'ಬ್ಯಾಕ್‌ಆರ್ಡರ್' ಎನ್ನುತ್ತಾರೆ. ಆರ್ಡರ್ ಬಂದ ಮೇಲೆ ತಯಾರಿಸುವ ವಸ್ತುವಿಗೆ ಇದು ಸರಿ. ಉಳಿದದ್ದಕ್ಕೆ ಆನ್ ಮಾಡಿದರೆ ಸಂಖ್ಯೆ ಸೊನ್ನೆಗಿಂತ ಕೆಳಗಿಳಿಯುತ್ತದೆ, ಇಲ್ಲದ ಮಾಲಿಗೆ ಆರ್ಡರ್ ಬರುತ್ತಲೇ ಇರುತ್ತದೆ.

ವೂಕಾಮರ್ಸ್‌ನಲ್ಲಿ ಹಣ ಪಾವತಿಯಾಗದ ಆರ್ಡರ್‌ಗೆ ಮಾಲನ್ನು ಎಷ್ಟು ನಿಮಿಷ ಹಿಡಿದಿಡಬೇಕು ಎಂಬ ಸೆಟ್ಟಿಂಗ್ ಇದೆ. ಮೊದಲೇ ಹಾಕಿ ಬಂದಿರುವ ಅವಧಿ 60 ನಿಮಿಷ. ಯುಪಿಐ ಪಾವತಿ ಕ್ಷಣದಲ್ಲಿ ಮುಗಿಯುವ ಈ ಕಾಲದಲ್ಲಿ ಹಬ್ಬದ ದಿನಗಳಿಗೆ ಇದನ್ನು 15-20 ನಿಮಿಷಕ್ಕೆ ಇಳಿಸಬಹುದು. ಸ್ಟಾಕ್ ಕಡಿಮೆಯಾದಾಗ ಎಚ್ಚರಿಸುವ ಮಿತಿ ಅಲ್ಲಿ ಮೊದಲಿಗೆ 2 ಇರುತ್ತದೆ. ದಿನಕ್ಕೆ 12 ಪ್ಯಾಕೆಟ್ ಮಾರುವವರಿಗೆ 2 ಉಳಿದಾಗ ಎಚ್ಚರಿಕೆ ಬಂದು ಏನು ಪ್ರಯೋಜನ?

ಮಿತಿ ಹಾಕಲು ಸರಳ ಸೂತ್ರ ಹೀಗಿದೆ: ದಿನದ ಸರಾಸರಿ ಮಾರಾಟವನ್ನು ಮಾಲು ಬರಲು ಬೇಕಾದ ದಿನಗಳಿಂದ ಗುಣಿಸಿ, ಅದಕ್ಕೆ ಮುನ್ನೆಚ್ಚರಿಕೆಯ ಮಾಲು ಸೇರಿಸಿ. ದಿನಕ್ಕೆ 12, ಹುಬ್ಬಳ್ಳಿಯಿಂದ ಬರಲು 4 ದಿನ, ಮುನ್ನೆಚ್ಚರಿಕೆಗೆ 20 ಎಂದರೆ 48ಕ್ಕೆ 20 ಸೇರಿ 68. ಕಳಂಬೋಲಿಯಲ್ಲಿ 68ಕ್ಕೆ ಇಳಿದ ಕೂಡಲೇ ಹುಬ್ಬಳ್ಳಿಗೆ ಸುದ್ದಿ ಹೋಗಬೇಕು. ಈ ಮಿತಿ ಪ್ರತಿ ಜಾಗಕ್ಕೂ ಬೇರೆಯಾಗಿರುತ್ತದೆ.

ಸ್ವಂತ ವೆಬ್‌ಸೈಟ್ ಜೊತೆಗೆ ಅಮೆಜಾನ್, ಫ್ಲಿಪ್‌ಕಾರ್ಟ್ ಅಥವಾ ಒಎನ್‌ಡಿಸಿ ಮೂಲಕವೂ ಮಾರುವವರು ಇನ್ನಷ್ಟು ಹುಷಾರಾಗಿರಬೇಕು. ಒಂದು ಕಡೆ ಮಾರಾಟವಾದದ್ದು ಇನ್ನೊಂದು ಕಡೆ ಕಡಿಮೆಯಾಗಲು ಕೆಲ ನಿಮಿಷ ಹಿಡಿಯಬಹುದು. ಕೊನೆಯ ಕೆಲವು ಪ್ಯಾಕೆಟ್‌ಗಳನ್ನು ಒಂದೇ ವೇದಿಕೆಗೆ ಮೀಸಲಿಟ್ಟು ಉಳಿದ ಕಡೆ 'ಸ್ಟಾಕ್ ಇಲ್ಲ' ಎಂದು ತೋರಿಸುವುದು ಸುರಕ್ಷಿತ. ಇಂಥ ವೇದಿಕೆಗಳು ನಿಮ್ಮ ಮಾರಾಟದ ಮೇಲೆ ಜಿಎಸ್‌ಟಿ ಟಿಸಿಎಸ್ ಹಿಡಿಯುತ್ತವೆ. 2024ರ ಜುಲೈ 10ರಿಂದ ಇದು ಶೇ 1ರಿಂದ ಶೇ 0.5ಕ್ಕೆ ಇಳಿದಿದೆ. ಇದೂ ಆಯಾ ರಾಜ್ಯದ ನೋಂದಣಿಯಲ್ಲಿ ತಾಳೆಯಾಗಬೇಕು.

ಹಂತ 7: ವಾಪಸ್ ಬಂದ ಮಾಲು ಎಲ್ಲಿಗೆ ಸೇರಬೇಕು?

ಕ್ಯಾಶ್ ಆನ್ ಡೆಲಿವರಿ ಹೆಚ್ಚಿರುವ ನಮ್ಮಲ್ಲಿ ಗ್ರಾಹಕರ ಮನೆಬಾಗಿಲಿನಿಂದಲೇ ಹಿಂದಿರುಗುವ ಪಾರ್ಸೆಲ್ ಕಡಿಮೆಯಿಲ್ಲ. ಅದು ಗೋದಾಮಿಗೆ ಬರುವವರೆಗೆ ಯಾವ ಲೆಕ್ಕದಲ್ಲೂ ಇರುವುದಿಲ್ಲ. ಆರ್ಡರ್ ರದ್ದಾದ ಕೂಡಲೇ ತಾನಾಗಿ ಸ್ಟಾಕ್‌ಗೆ ಸೇರಿಸುವ ಟಿಕ್ ತೆಗೆದುಬಿಡಿ. ಪಾರ್ಸೆಲ್ ಕೈಗೆ ಬಂದು, ತೆರೆದು ನೋಡಿದ ಮೇಲಷ್ಟೇ ಸೇರಿಸಿ.

ಹುಬ್ಬಳ್ಳಿಯಿಂದ ಹೋದ ಮಾಲು ಕಳಂಬೋಲಿಗೆ ವಾಪಸ್ ಬಂದರೆ ಗೊಂದಲ ಶುರು. ಬಿಲ್ ಕರ್ನಾಟಕದ ನೋಂದಣಿಯಲ್ಲಿದೆ, ಕ್ರೆಡಿಟ್ ನೋಟ್ ಕೂಡ ಅಲ್ಲಿಂದಲೇ ಆಗಬೇಕು, ಆದರೆ ಮಾಲು ಮಹಾರಾಷ್ಟ್ರದಲ್ಲಿದೆ. ಇದನ್ನು ತಪ್ಪಿಸಲು ಕೊರಿಯರ್ ಖಾತೆಯಲ್ಲಿ ರಿಟರ್ನ್ ವಿಳಾಸವನ್ನು ಮಾಲು ಹೊರಟ ಗೋದಾಮಿಗೇ ಇಡಿ.

ಆಹಾರ ಪದಾರ್ಥ ಮಾರುವವರಿಗೆ ವಿಶೇಷ ಸೂಚನೆ

* ಎಫ್‌ಎಸ್‌ಎಸ್‌ಎಐ ಪರವಾನಗಿ ಅಥವಾ ನೋಂದಣಿ ಪ್ರತಿ ಸ್ಥಳಕ್ಕೂ ಪ್ರತ್ಯೇಕ. ತಯಾರಿಕಾ ಘಟಕದ್ದು ಗೋದಾಮಿಗೆ ನಡೆಯುವುದಿಲ್ಲ.
* ಗ್ರಾಹಕರ ಕೈಸೇರುವಾಗ ಆಹಾರದ ಬಾಳಿಕೆ ಅವಧಿಯಲ್ಲಿ ಕನಿಷ್ಠ ಶೇ 30 ಭಾಗ ಅಥವಾ 45 ದಿನ ಉಳಿದಿರಬೇಕು ಎಂದು ಎಫ್‌ಎಸ್‌ಎಸ್‌ಎಐ 2024ರ ನವೆಂಬರ್‌ನಲ್ಲಿ ಇ-ಕಾಮರ್ಸ್ ಕಂಪನಿಗಳಿಗೆ ಸೂಚಿಸಿದೆ.
* ಹಾಗಾಗಿ ಮೊದಲು ಬಂದದ್ದಲ್ಲ, ಮೊದಲು ಅವಧಿ ಮುಗಿಯುವುದು ಮೊದಲು ಹೊರಹೋಗಬೇಕು. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕವನ್ನು ಪ್ರತಿ ಜಾಗದಲ್ಲೂ ದಾಖಲಿಸಿ.
* ತೆರೆದು ವಾಪಸ್ ಬಂದ ಆಹಾರವನ್ನು ಮತ್ತೆ ಮಾರಾಟಕ್ಕೆ ಇಡಬೇಡಿ.

ಮಳೆಗಾಲ, ಹಬ್ಬದ ದಿನಗಳಲ್ಲಿ ಏನು ಮಾಡಬೇಕು?

ಕಳಂಬೋಲಿ ತಗ್ಗು ಪ್ರದೇಶ. 2005ರ ಜುಲೈ 26ರ ಮಹಾಮಳೆಗೆ ಇಲ್ಲಿನ ವಸತಿ ಪ್ರದೇಶಗಳು ಮುಳುಗಿದ್ದವು. ಜೋರು ಮಳೆಯ ದಿನ ಗೋದಾಮು ತೆರೆಯಲಾಗದಿದ್ದರೆ ಸ್ಟಾಕ್ ಸಂಖ್ಯೆಯನ್ನು ಸೊನ್ನೆ ಮಾಡಲು ಹೋಗಬೇಡಿ. ಆ ಲೊಕೇಶನ್‌ನ ಆನ್‌ಲೈನ್ ಆರ್ಡರ್ ಟಿಕ್ ಮಾತ್ರ ತೆಗೆಯಿರಿ. ಹೊಸ ಆರ್ಡರ್‌ಗಳು ಉಳಿದ ಗೋದಾಮಿಗೆ ಹೋಗುತ್ತವೆ, ಲೆಕ್ಕ ಇದ್ದಂತೆಯೇ ಇರುತ್ತದೆ. ಈಗಾಗಲೇ ಕಳಂಬೋಲಿಗೆ ಬಂದ ಆರ್ಡರ್‌ಗಳನ್ನು ಒಂದೊಂದಾಗಿ ನೋಡಿ ಲೊಕೇಶನ್ ಬದಲಿಸಿ. ಮಾಲನ್ನು ನೆಲದ ಮೇಲಿಡದೆ ಪ್ಯಾಲೆಟ್ ಮೇಲಿಡುವುದು ಲೇಸು.

ಗಣೇಶ ಚತುರ್ಥಿ ಹೊತ್ತಿಗೆ ಮುಂಬೈ-ಗೋವಾ ಹೆದ್ದಾರಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಹೇರುವುದು ವಾಡಿಕೆ. ಬೇಡಿಕೆ ಹೆಚ್ಚುವುದೂ ಆಗಲೇ. ಮಾಲು ಬರಲು 4 ದಿನ ಎಂಬ ಲೆಕ್ಕವನ್ನು ಆ ತಿಂಗಳಿಗೆ 6-7 ದಿನ ಎಂದು ತಿದ್ದಿಕೊಳ್ಳಿ.

ಗ್ರಾಹಕರ ಹಕ್ಕು ಮರೆಯಬೇಡಿ

ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು 2020ರ ಜುಲೈನಲ್ಲಿ ಜಾರಿಗೆ ಬಂದಿವೆ. ಸ್ವಂತ ವೆಬ್‌ಸೈಟ್ ನಡೆಸುವವರು ದೂರು ಅಧಿಕಾರಿಯನ್ನು ನೇಮಿಸಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆರ್ಡರ್ ರದ್ದು ಮಾಡಿದ ಗ್ರಾಹಕರಿಗೆ ಶುಲ್ಕ ಹಾಕುವುದಾದರೆ, ನೀವೇ ಏಕಪಕ್ಷೀಯವಾಗಿ ರದ್ದು ಮಾಡಿದಾಗಲೂ ಅಂಥದ್ದೇ ಹೊರೆ ನೀವು ಹೊರಬೇಕು. 'ಸ್ಟಾಕ್ ಇರಲಿಲ್ಲ' ಎಂಬುದು ನಿಮ್ಮ ಸಮಸ್ಯೆಯೇ ಹೊರತು ಗ್ರಾಹಕರದ್ದಲ್ಲ.

ವಾರಕ್ಕೊಮ್ಮೆ ಈ ಪಟ್ಟಿ ನೋಡಿ

1. ಹೆಚ್ಚು ಮಾರಾಟವಾಗುವ 10 ವಸ್ತುಗಳನ್ನು ಪ್ರತಿ ಜಾಗದಲ್ಲೂ ಕೈಯಾರೆ ಎಣಿಸಿ. ಉಳಿದದ್ದನ್ನು ತಿಂಗಳಿಗೊಮ್ಮೆ ಎಣಿಸಿದರೆ ಸಾಕು.
2. ವ್ಯತ್ಯಾಸ ಕಂಡರೆ ಸಂಖ್ಯೆ ತಿದ್ದುವ ಮುನ್ನ ಕಾರಣ ಬರೆಯಿರಿ: ಹಾಳಾಗಿದೆಯೇ, ಕಳೆದಿದೆಯೇ, ತಪ್ಪು ಪ್ಯಾಕೆಟ್ ಹೋಗಿದೆಯೇ?
3. 'ಇನ್‌ಕಮಿಂಗ್'ನಲ್ಲಿ ನಿಗದಿತ ದಿನ ಮೀರಿ ಉಳಿದ ಮಾಲು ಇದೆಯೇ ನೋಡಿ.
4. ಪ್ರತಿ ಟ್ರಾನ್ಸ್‌ಫರ್‌ಗೂ ಚಲನ್ ಅಥವಾ ಇನ್‌ವಾಯ್ಸ್ ಇದೆಯೇ ಪರಿಶೀಲಿಸಿ.
5. ಎರಡು ಪಾರ್ಸೆಲ್ ಆಗಿ ಒಡೆದ ಆರ್ಡರ್ ಎಷ್ಟು ಎಂದು ನೋಡಿ. ಹೆಚ್ಚುತ್ತಿದ್ದರೆ ಯಾವ ವಸ್ತು ಯಾವ ಗೋದಾಮಿನಲ್ಲಿ ಕೊರತೆಯಾಗುತ್ತಿದೆ ಎಂದು ಹುಡುಕಿ.
6. ಸ್ಟಾಕ್ ಸಂಖ್ಯೆ ತಿದ್ದುವ ಅಧಿಕಾರ ಪ್ರತಿ ಜಾಗದಲ್ಲಿ ಒಬ್ಬರಿಗೆ ಮಾತ್ರ ಇರಲಿ.

ಹೊಸದಾಗಿ ಎರಡನೇ ಗೋದಾಮು ತೆರೆಯುವವರು ಈ ಕ್ರಮ ಅನುಸರಿಸಿ: ಮೊದಲು ಜಿಎಸ್‌ಟಿಯಲ್ಲಿ ವಿಳಾಸ ಸೇರಿಸಿ, ಆಹಾರವಾದರೆ ಪರವಾನಗಿ ಪಡೆಯಿರಿ, ನಂತರ ದಾಖಲೆಯೊಂದಿಗೆ ಮಾಲು ಸಾಗಿಸಿ, ಎಣಿಸಿ ಸ್ಟಾಕ್ ತುಂಬಿ. ಆನ್‌ಲೈನ್ ಆರ್ಡರ್ ಟಿಕ್ ಹಾಕುವುದು ಎಲ್ಲಕ್ಕಿಂತ ಕೊನೆಗೆ. ತೆರಿಗೆಯ ವಿಷಯದಲ್ಲಿ ನಿಮ್ಮ ಲೆಕ್ಕಪರಿಶೋಧಕರ ಸಲಹೆ ಪಡೆದೇ ಮುಂದುವರಿಯಿರಿ.